12 ಪೌಂಡ್ 9 ಔನ್ಸ್ ಅಂದರೆ 12.9 ಪೌಂಡ್ ಅಲ್ಲ: ತೂಕದ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಬೇರೆ ಬೇರೆ ದೇಶಗಳಿಂದ ಬರುವ ಸರಕಿನ ತೂಕವನ್ನು ಕಿಲೋ ಲೆಕ್ಕಕ್ಕೆ ತಂದು ಪಟ್ಟಿ ಮಾಡುವುದು ನನ್ನ ಕೆಲಸ. ಈಚೆಗೆ ಬಂದ 240 ಪೆಟ್ಟಿಗೆಗಳ ಮೇಲೆ ತಲಾ 12 ಪೌಂಡ್ 9 ಔನ್ಸ್ ಎಂದು ಬರೆದಿತ್ತು. ನಾನು 12.9 ಅನ್ನು 2.2ರಿಂದ ಭಾಗಿಸಿ, ಬಂದದ್ದನ್ನು 240ರಿಂದ ಗುಣಿಸಿದೆ. 1,407 ಕಿಲೋ ಬಂತು. ಕಳಿಸಿದವರ ಕಾಗದದಲ್ಲಿ 1,368 ಕಿಲೋ ಇದೆ. ಹುಡುಕಿ ನೋಡಿದರೆ ಒಂದು ಕಡೆ 2.2, ಇನ್ನೊಂದು ಕಡೆ 2.205, ಮತ್ತೊಂದು ಕಡೆ 2.2046 ಎಂದು ಕೊಟ್ಟಿದ್ದಾರೆ. ಇವುಗಳಲ್ಲಿ ಯಾವುದು ಸರಿ? ಇನ್ನೊಂದು ಕಾಗದದಲ್ಲಿ ಸುಮ್ನೆ ‘3.5 ಟನ್’ ಎಂದಷ್ಟೇ ಇದೆ. ಅದನ್ನು 3,500 ಕಿಲೋ ಎಂದು ಬರೆದುಕೊಳ್ಳಬಹುದಾ? ಕ್ಯಾಲ್ಕುಲೇಟರ್ ಇಲ್ಲದೆ ಅಂದಾಜು ಮಾಡುವ ದಾರಿ ಇದ್ದರೆ ಅದನ್ನೂ ತಿಳಿಸಿ.

ಉತ್ತರ: ಮೊದಲು 240 ಪೆಟ್ಟಿಗೆಗಳ ವಿಷಯ ಮುಗಿಸೋಣ. ಕಳಿಸಿದವರ ಲೆಕ್ಕ ಸರಿಯಾಗಿದೆ. ನಿಮ್ಮದರಲ್ಲಿ ಸುಮಾರು 40 ಕಿಲೋ ಜಾಸ್ತಿ ಬಂದಿದೆ. ನಿಮಗೆ 2.2ರ ಮೇಲೆ ಅನುಮಾನ. ಆದರೆ ಆ 40 ಕಿಲೋದಲ್ಲಿ 2.2ರ ಪಾಲು ಬರೀ ಮೂರು ಕಿಲೋ. ಉಳಿದ 37 ಕಿಲೋ ಬಂದಿರುವುದು 12ಕ್ಕೂ 9ಕ್ಕೂ ನಡುವೆ ಇಟ್ಟ ಚುಕ್ಕೆಯಿಂದ.

ಒಂದು ಪೌಂಡಿಗೆ 16 ಔನ್ಸ್, ಹತ್ತಲ್ಲ. ಆದ್ದರಿಂದ 9 ಔನ್ಸ್ ಅಂದರೆ ಹದಿನಾರರಲ್ಲಿ ಒಂಬತ್ತು ಪಾಲು, 0.5625 ಪೌಂಡ್. ಪೆಟ್ಟಿಗೆಯ ತೂಕ 12.5625 ಪೌಂಡ್. ನೀವು ಬರೆದದ್ದು 12.9. 12 ಗಂಟೆ 9 ನಿಮಿಷವನ್ನು ಯಾರೂ 12.9 ಗಂಟೆ ಅನ್ನುವುದಿಲ್ಲ, ಅಲ್ವಾ? ಇದೂ ಹಾಗೇ. ಒಂದು ಪೆಟ್ಟಿಗೆಯಲ್ಲಿ ಈ ತಪ್ಪು 153 ಗ್ರಾಂ ಮಾತ್ರ, ಯಾರ ಕಣ್ಣಿಗೂ ಬೀಳುವುದಿಲ್ಲ. 240 ಪೆಟ್ಟಿಗೆ ಸೇರಿದಾಗ ಅದೇ 36.7 ಕಿಲೋ ಆಗುತ್ತದೆ.

ನಿಮ್ಮ ಎಲ್ಲ ಪೆಟ್ಟಿಗೆಗಳೂ ಒಂದೇ ತೂಕದವು ಆಗಿದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಈ ತಪ್ಪು ಸಿಗುತ್ತಲೇ ಇರಲಿಲ್ಲ. ಯಾಕೆಂದರೆ ಈ ಚುಕ್ಕೆ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಔನ್ಸ್ 1ರಿಂದ 9ರವರೆಗೆ ಇದ್ದಾಗ ಚುಕ್ಕೆ ಇಟ್ಟು ಬರೆದರೆ ತೂಕ ಜಾಸ್ತಿ ಬರುತ್ತದೆ. 10ರಿಂದ 15ರವರೆಗೆ ಇದ್ದಾಗ ಕಡಿಮೆ ಬರುತ್ತದೆ, ಅದೂ ಬಹಳ ಕಡಿಮೆ. 12 ಪೌಂಡ್ 15 ಔನ್ಸನ್ನು 12.15 ಎಂದು ಬರೆದು ನೋಡಿ. ನಿಜವಾದ ತೂಕ 12.9375 ಪೌಂಡ್. ಒಂದೇ ಪೆಟ್ಟಿಗೆಯಲ್ಲಿ 357 ಗ್ರಾಂ ಮಾಯ! ಇನ್ನೊಂದು ತಮಾಷೆಯಲ್ಲದ ಸಂಗತಿ: 12.15 ಎಂದು ಬರೆದ ಭಾರದ ಪೆಟ್ಟಿಗೆ, 12.9 ಎಂದು ಬರೆದ ಹಗುರ ಪೆಟ್ಟಿಗೆಗಿಂತ ಹಗುರವಾಗಿ ಕಾಣುತ್ತದೆ. 1 ಔನ್ಸ್ ಮತ್ತು 10 ಔನ್ಸ್ ಎರಡೂ ಕ್ಯಾಲ್ಕುಲೇಟರ್‌ಗೆ ಒಂದೇ. ಅದಕ್ಕೆ 12.1 ಮತ್ತು 12.10 ನಡುವೆ ಯಾವ ವ್ಯತ್ಯಾಸವೂ ಇಲ್ಲ. ಬೇರೆ ಬೇರೆ ತೂಕದ ನೂರಾರು ಪೆಟ್ಟಿಗೆಗಳ ಪಟ್ಟಿಯಲ್ಲಿ ಈ ಹೆಚ್ಚು ಕಡಿಮೆಗಳು ಒಂದನ್ನೊಂದು ಹೊಡೆದುಹಾಕಿ, ಒಟ್ಟು ಮೊತ್ತ ಹತ್ತಿರ ಹತ್ತಿರ ಸರಿಯಾಗಿಯೇ ಕಾಣಬಹುದು. ಒಳಗೆ ಒಂದೊಂದು ಸಾಲೂ ತಪ್ಪಾಗಿರುತ್ತದೆ.

ಹಾಗಾಗಿ ಪೌಂಡ್ ಮತ್ತು ಔನ್ಸ್ ಎರಡೂ ಇರುವ ತೂಕವನ್ನು ಒಂದೇ ಮನೆಯಲ್ಲಿ ಬರೆಯಲೇಬೇಡಿ. ಪಟ್ಟಿಯಲ್ಲಿ ಪೌಂಡಿಗೆ ಒಂದು ಕಾಲಂ, ಔನ್ಸಿಗೆ ಒಂದು ಕಾಲಂ ಇರಲಿ. ಮೂರನೆಯದರಲ್ಲಿ ಎಲ್ಲವನ್ನೂ ಔನ್ಸ್ ಮಾಡಿಕೊಳ್ಳಿ: ಪೌಂಡನ್ನು 16ರಿಂದ ಗುಣಿಸಿ, ಔನ್ಸ್ ಕೂಡಿಸಿ. ನಿಮ್ಮ ಪೆಟ್ಟಿಗೆಗೆ 12 × 16 = 192, ಅದಕ್ಕೆ 9 ಸೇರಿಸಿದರೆ 201 ಔನ್ಸ್. ಒಂದು ಔನ್ಸಿಗೆ 28.349523125 ಗ್ರಾಂ. ಗುಣಿಸಿದರೆ 5,698.25 ಗ್ರಾಂ, ಅಂದರೆ 5.698 ಕಿಲೋ. 240 ಪೆಟ್ಟಿಗೆಗೆ 1,367.58 ಕಿಲೋ. ಕಳಿಸಿದವರು ಅದನ್ನೇ 1,368 ಮಾಡಿದ್ದಾರೆ.

ಇಲ್ಲಿ ತಕ್ಕಡಿಯ ಬಗ್ಗೆಯೂ ಒಂದು ಎಚ್ಚರಿಕೆ. ಎಷ್ಟೋ ಡಿಜಿಟಲ್ ತಕ್ಕಡಿಗಳಲ್ಲಿ ಪೌಂಡ್ ತೋರಿಸುವುದಕ್ಕೆ ಎರಡು ಬಗೆ ಇರುತ್ತವೆ. ಒಂದರಲ್ಲಿ ಪೌಂಡು ಮತ್ತು ಅದರ ದಶಾಂಶ ಬರುತ್ತದೆ. ಇನ್ನೊಂದರಲ್ಲಿ ಪೌಂಡು ಮತ್ತು ಔನ್ಸ್ ಬೇರೆ ಬೇರೆ ಬರುತ್ತವೆ. ಬಟನ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಯಾರೋ ನೋಡಿ ಬರೆದ ಪಟ್ಟಿ ನಿಮ್ಮ ಕೈಗೆ ಬಂದಾಗ ಯಾವ ಬಗೆಯಲ್ಲಿ ಅಳೆದದ್ದು ಅಂತ ಹೇಗೆ ಗೊತ್ತಾಗಬೇಕು? ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ. ಚುಕ್ಕೆಯ ಬಲಗಡೆಯ ಸಂಖ್ಯೆ ಎಲ್ಲೂ 15 ದಾಟಿಲ್ಲ, ನಡುನಡುವೆ 11, 13, 14 ಬಂದಿವೆ ಅಂದರೆ ಅದು ಔನ್ಸೇ. ಎಲ್ಲೋ ಒಂದು ಕಡೆ .45 ಅಥವಾ .80 ಸಿಕ್ಕಿತು ಅಂದರೆ ದಶಾಂಶ. ಚುಕ್ಕೆಯ ಬಲಗಡೆ ಎಲ್ಲ ಕಡೆಯೂ ಒಂದೊಂದೇ ಅಂಕಿ ಇದ್ದರೆ ಪಟ್ಟಿ ನೋಡಿ ಹೇಳಲು ಆಗದು, ಕೇಳಿಯೇ ತಿಳಿಯಬೇಕು.

ಮನುಷ್ಯರ ತೂಕ ಹೇಳಲು ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಈಗಲೂ ‘ಸ್ಟೋನ್’ ಬಳಸುತ್ತಾರೆ. ಒಂದು ಸ್ಟೋನ್ ಅಂದರೆ 14 ಪೌಂಡ್, 6.35 ಕಿಲೋ. ಅಲ್ಲೂ ಇದೇ ಗುಂಡಿ ಇದೆ. 11 ಸ್ಟೋನ್ 4 ಪೌಂಡ್ ಅಂದರೆ 158 ಪೌಂಡ್, 71.67 ಕಿಲೋ. ಅದನ್ನು 11.4 ಸ್ಟೋನ್ ಅಂದುಕೊಂಡರೆ 72.39 ಕಿಲೋ. ಹುಟ್ಟಿದ ಮಗುವಿನ ತೂಕದಲ್ಲಿ ಇದು ಇನ್ನೂ ಸೂಕ್ಷ್ಮ. 7 ಪೌಂಡ್ 6 ಔನ್ಸ್ ತೂಕದ ಮಗು 3.345 ಕಿಲೋ ಇರುತ್ತದೆ. 7.6 ಎಂದು ಹಾಕಿದರೆ 3.447 ಕಿಲೋ. ನೂರು ಗ್ರಾಂ ವ್ಯತ್ಯಾಸ, ಅಂದರೆ ಶೇಕಡಾ 3. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಎಷ್ಟು ಇಳಿಯಿತು ಎಂದು ಡಾಕ್ಟರು ಶೇಕಡಾ ಲೆಕ್ಕದಲ್ಲೇ ನೋಡುತ್ತಾರೆ. ಅಲ್ಲಿ ಈ ಶೇಕಡಾ 3 ತುಂಬಾ ದೊಡ್ಡದು.

ಈಗ ನಿಮ್ಮ ಎರಡನೇ ಪ್ರಶ್ನೆ. 2.2, 2.205, 2.2046 ಇವುಗಳಲ್ಲಿ ಯಾವುದೂ ಪೂರ್ತಿ ಸರಿಯಲ್ಲ. ಎಲ್ಲವೂ ಕತ್ತರಿಸಿದ ಅಥವಾ ಹತ್ತಿರದ ಅಂಕಿಗೆ ತಂದ ಸಂಖ್ಯೆಗಳು. ಪೂರ್ತಿ ಸರಿಯಾದ ಸಂಖ್ಯೆ ಒಂದೇ: ಒಂದು ಪೌಂಡ್ ಅಂದರೆ 0.45359237 ಕಿಲೋ. ಇದರ ಮುಂದೆ ಇನ್ನೊಂದು ಅಂಕಿ ಇಲ್ಲ. ಎಂಟು ಅಂಕಿಗೆ ಮುಗಿಯಿತು. ಅಳೆದು ಅಳೆದು ಕಂಡುಹಿಡಿದ ಸಂಖ್ಯೆ ಇದಲ್ಲ, ಕೂತು ಒಪ್ಪಿಕೊಂಡ ಸಂಖ್ಯೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಈ ಆರು ದೇಶಗಳು 1959ರಲ್ಲಿ ಸೇರಿ ಇದನ್ನು ತೀರ್ಮಾನಿಸಿದವು.

ಅದಕ್ಕೂ ಮೊದಲು ಪೌಂಡ್ ಎಂದರೆ ಒಂದು ಲೋಹದ ಬಟ್ಟು. ಲಂಡನ್ನಿನಲ್ಲಿ ಇಟ್ಟಿದ್ದ ಅಧಿಕೃತ ಬಟ್ಟು 1834ರಲ್ಲಿ ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹಾಳಾಯಿತು. ಆಮೇಲೆ ಪ್ಲಾಟಿನಂನಲ್ಲಿ ಹೊಸದು ಮಾಡಿಸಿ, 1855ರಲ್ಲಿ ಅದಕ್ಕೆ ಕಾನೂನಿನ ಮುದ್ರೆ ಒತ್ತಿದರು. ಅಮೆರಿಕದವರು ಬೇರೆ ದಾರಿ ಹಿಡಿದರು. 1893ರಲ್ಲೇ ತಮ್ಮ ಪೌಂಡನ್ನು ಕಿಲೋಗ್ರಾಂ ಮೂಲಕ ಹೇಳಲು ಶುರು ಮಾಡಿದರು. ಹೀಗಾಗಿ ಎರಡು ದೇಶಗಳ ಪೌಂಡು ಒಂದೇ ಹೆಸರಿನವಾದರೂ ಕೂದಲೆಳೆಯಷ್ಟು ಬೇರೆ ಆಗಿದ್ದವು. ಅಮೆರಿಕದ ಹಳೆಯ ಪೌಂಡಿಗೂ 1959ರ ಪೌಂಡಿಗೂ ಇರುವ ವ್ಯತ್ಯಾಸ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಸರಕು ತೂಗುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ನಿಖರವಾದ ಯಂತ್ರದ ಭಾಗ ಮಾಡುವವರಿಗೆ, ಪ್ರಯೋಗಾಲಯದವರಿಗೆ ಅದೊಂದು ತಲೆನೋವಾಗಿತ್ತು.

ಆ ಸಂಖ್ಯೆಯಲ್ಲಿ ನನಗೆ ಬಹಳ ಇಷ್ಟವಾಗುವ ಒಂದು ಗುಣ ಇದೆ. ಗ್ರೇನ್ ಎಂಬುದು ತೂಕದ ಒಂದು ಪುಟ್ಟ ಮಾನ. ಒಂದು ಪೌಂಡಿನಲ್ಲಿ 7,000 ಗ್ರೇನ್ ಇವೆ. 0.45359237 ಅನ್ನು 7ರಿಂದ ಭಾಗಿಸಿದರೆ ಶೇಷವಿಲ್ಲದೆ ಹೋಗುತ್ತದೆ. ಹಾಗಾಗಿ ಒಂದು ಗ್ರೇನ್ ಅಂದರೆ ಕರಾರುವಾಕ್ಕಾಗಿ 64.79891 ಮಿಲಿಗ್ರಾಂ. ಏಳರಿಂದ ಭಾಗಿಸಿದಾಗ ಸಾಮಾನ್ಯವಾಗಿ ಬರುವ ಮುಗಿಯದ ದಶಾಂಶದ ಬಾಲ ಇಲ್ಲಿ ಇಲ್ಲ. ನೋಡಲು ಒರಟಾಗಿ ಕಾಣುವ ಸಂಖ್ಯೆ ಎಷ್ಟು ಅಚ್ಚುಕಟ್ಟು ನೋಡಿ.

ಇದರ ಅರ್ಥ ಏನೆಂದರೆ, ಇವತ್ತು ಪೌಂಡ್ ಅನ್ನುವುದು ಕಿಲೋಗಿಂತ ಬೇರೆಯಾದ ಒಂದು ಅಳತೆ ಅಲ್ಲವೇ ಅಲ್ಲ. ಅದು ಕಿಲೋದ ಒಂದು ಭಾಗ. 2019ರ ಮೇ 20ರಿಂದ ಕಿಲೋಗ್ರಾಂ ಕೂಡ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿದ್ದ ಲೋಹದ ಬಟ್ಟನ್ನು ಬಿಟ್ಟು, ಭೌತಶಾಸ್ತ್ರದ ಬದಲಾಗದ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕದ ಆಧಾರಕ್ಕೆ ಬಂತು. ಪೌಂಡೂ ತಾನಾಗಿಯೇ ಅದರ ಹಿಂದೆ ಹೋಯಿತು.

ಹಾಗಾದರೆ ಎಷ್ಟು ಅಂಕಿ ಬಳಸಬೇಕು? ನಿಜವಾಗಿ ಎಷ್ಟು ತಪ್ಪುತ್ತದೆ ಎಂದು ನೋಡಿದರೆ ನೀವೇ ತೀರ್ಮಾನ ಮಾಡಬಹುದು. ಸಾವಿರ ಕಿಲೋ ಸರಕು ಇದೆ ಎಂದುಕೊಳ್ಳಿ. ಅದರ ಪೌಂಡನ್ನು 2.2ರಿಂದ ಭಾಗಿಸಿದರೆ 2.1 ಕಿಲೋ ತಪ್ಪು. 2.205 ಬಳಸಿದರೆ ಸುಮಾರು 170 ಗ್ರಾಂ. 2.2046 ಬಳಸಿದರೆ 10 ಗ್ರಾಂ. 0.4536ರಿಂದ ಗುಣಿಸಿದರೆ 17 ಗ್ರಾಂ. ಕೈಲೆಕ್ಕಕ್ಕೆ 0.4536 ಧಾರಾಳವಾಯಿತು. ಆದರೆ ಎಕ್ಸೆಲ್‌ನಲ್ಲಿ ಪಟ್ಟಿ ಮಾಡುವವರು ಯಾಕೆ ಉಳಿತಾಯ ಮಾಡಬೇಕು? ಒಂದು ಸಲ 0.45359237 ಎಂದು ಟೈಪ್ ಮಾಡಿ ಒಂದು ಮನೆಯಲ್ಲಿ ಇಡಿ, ಎಲ್ಲ ಸೂತ್ರಗಳೂ ಅದನ್ನೇ ನೋಡಲಿ. 2.2ರಂಥ ಸಂಖ್ಯೆಯಿಂದ ಭಾಗಿಸುವ ಕೆಲಸವನ್ನೇ ಬಿಟ್ಟುಬಿಡಿ. ಪೌಂಡಿನಿಂದ ಕಿಲೋಗೆ ಹೋಗುವಾಗ ಈ ಸಂಖ್ಯೆಯಿಂದ ಗುಣಿಸಿ, ಕಿಲೋದಿಂದ ಪೌಂಡಿಗೆ ಬರುವಾಗ ಇದೇ ಸಂಖ್ಯೆಯಿಂದ ಭಾಗಿಸಿ. ಎರಡು ಬೇರೆ ಬೇರೆ ಸಂಖ್ಯೆ ಇಟ್ಟುಕೊಂಡರೆ ಹೋಗಿ ಬಂದ ತೂಕ ಮೊದಲಿನ ತೂಕಕ್ಕೆ ತಾಳೆಯಾಗುವುದಿಲ್ಲ.

ಅಂಕಿಗಳನ್ನು ಯಾವಾಗ ಕಡಿಮೆ ಮಾಡಬೇಕು ಅನ್ನುವುದು ಇನ್ನೊಂದು ವಿಷಯ. ಇದನ್ನು ಕೊನೆಯಲ್ಲಿ, ಒಂದೇ ಒಂದು ಸಲ ಮಾಡಬೇಕು. ನಿಮ್ಮ ಪೆಟ್ಟಿಗೆಯನ್ನೇ ತಗೊಳ್ಳಿ. 5.698254 ಕಿಲೋವನ್ನು ಮೊದಲೇ 5.69 ಎಂದು ಕತ್ತರಿಸಿ 240ರಿಂದ ಗುಣಿಸಿದರೆ 1,365.6 ಬರುತ್ತದೆ. ಸುಮ್ನೆ ಎರಡು ಕಿಲೋ ಹೋಯಿತು. ಪರದೆಯ ಮೇಲೆ ಎರಡೇ ದಶಾಂಶ ಕಾಣಲಿ, ತೊಂದರೆ ಇಲ್ಲ. ಒಳಗಿನ ಲೆಕ್ಕದಲ್ಲಿ ಮಾತ್ರ ಪೂರ್ತಿ ಸಂಖ್ಯೆ ಇರಲಿ. ಹಾಗೆಯೇ ತಕ್ಕಡಿಗೆ ಇಲ್ಲದ ನಿಖರತೆಯನ್ನು ನಾವು ಕಾಗದದ ಮೇಲೆ ಕೊಡಬಾರದು. ತಕ್ಕಡಿ 0.1 ಪೌಂಡ್‌ವರೆಗೆ ಮಾತ್ರ ತೋರಿಸುತ್ತದೆ ಅಂದರೆ ಅದರ ಒಂದು ಹೆಜ್ಜೆಯೇ 45 ಗ್ರಾಂ. ಅದರಲ್ಲಿ 12.4 ಪೌಂಡ್ ಎಂದು ಬಂದದ್ದನ್ನು 5.624545 ಕಿಲೋ ಎಂದು ಬರೆದರೆ ಓದುವವರು ಮಿಲಿಗ್ರಾಂ ತೂಗುವ ಯಂತ್ರ ಇದೆ ಎಂದುಕೊಳ್ಳುತ್ತಾರೆ. 5.62 ಸಾಕು. ಇನ್ನೊಂದು ಮಾತು: ಬಂದ ಮೂಲ ತೂಕದ ಕಾಲಂ ಅನ್ನು ಯಾವತ್ತೂ ಅಳಿಸಬೇಡಿ. 50 ಪೌಂಡನ್ನು ಒಬ್ಬರು 23 ಕಿಲೋ ಮಾಡುತ್ತಾರೆ. ಮುಂದಿನವರು ಆ 23 ಕಿಲೋವನ್ನು 50.7 ಪೌಂಡ್ ಮಾಡುತ್ತಾರೆ. ಮೂಲ ಕಳೆದುಹೋದರೆ ಆ 0.7 ಎಲ್ಲಿಂದ ಬಂತು ಅಂತ ಯಾರಿಗೂ ಹೇಳಲಾಗುವುದಿಲ್ಲ.

ಕಿಲೋದಿಂದ ಪೌಂಡ್ ಮತ್ತು ಔನ್ಸಿಗೆ ಬರುವಾಗಲೂ ಒಂದು ಕೊಕ್ಕೆ ಇದೆ. 3.62 ಕಿಲೋವನ್ನು ಪೌಂಡ್ ಮಾಡಿ ನೋಡಿ. 7.98 ಬರುತ್ತದೆ. 7 ಪೌಂಡ್ ತೆಗೆದಿಟ್ಟು ಉಳಿದದ್ದನ್ನು 16ರಿಂದ ಗುಣಿಸಿದರೆ 15.69 ಔನ್ಸ್. ಅದನ್ನು ಪೂರ್ಣ ಸಂಖ್ಯೆ ಮಾಡಿದರೆ 16. ಆಗ ಪಟ್ಟಿಯಲ್ಲಿ ‘7 ಪೌಂಡ್ 16 ಔನ್ಸ್’ ಎಂದು ಬೀಳುತ್ತದೆ. ಅಂಥ ತೂಕವೇ ಇಲ್ಲ, ಅದು 8 ಪೌಂಡ್. ಇದನ್ನು ತಪ್ಪಿಸಲು ಮೊದಲು ಎಲ್ಲವನ್ನೂ ಔನ್ಸ್ ಮಾಡಿ: 3,620 ಗ್ರಾಂ ಅನ್ನು 28.3495ರಿಂದ ಭಾಗಿಸಿದರೆ 127.69. ಇಲ್ಲೇ ಪೂರ್ಣ ಸಂಖ್ಯೆ ಮಾಡಿ, 128. ಆಮೇಲೆ 16ರಿಂದ ಭಾಗಿಸಿ. 8 ಪೌಂಡ್ 0 ಔನ್ಸ್ ನೇರವಾಗಿ ಸಿಗುತ್ತದೆ.

ಬಾಯಿಲೆಕ್ಕ ಕೇಳಿದ್ದೀರಿ. ಕಿಲೋದಿಂದ ಪೌಂಡಿಗೆ: ಎರಡರಷ್ಟು ಮಾಡಿ, ಬಂದದ್ದರ ಹತ್ತನೇ ಒಂದು ಭಾಗವನ್ನು ಅದಕ್ಕೇ ಸೇರಿಸಿ. 68 ಕಿಲೋ ಇದ್ದರೆ 136, ಅದಕ್ಕೆ 13.6 ಸೇರಿಸಿ 149.6. ನಿಜವಾದದ್ದು 149.9. ಪೌಂಡಿನಿಂದ ಕಿಲೋಗೆ: ಅರ್ಧ ಮಾಡಿ, ಅದರ ಹತ್ತನೇ ಒಂದು ಭಾಗ ಕಳೆಯಿರಿ. 150 ಪೌಂಡ್ ಇದ್ದರೆ 75, ಅದರಲ್ಲಿ 7.5 ಕಳೆದರೆ 67.5. ನಿಜವಾದದ್ದು 68.04. ಈ ಎರಡನೇ ದಾರಿ ಯಾವಾಗಲೂ ಸ್ವಲ್ಪ ಕಡಿಮೆ ತೋರಿಸುತ್ತದೆ, ನೂರು ಕಿಲೋಗೆ ಸುಮಾರು 800 ಗ್ರಾಂ. ಅದು ಬೇಡ ಅನಿಸಿದರೆ ಬಂದ ಉತ್ತರಕ್ಕೆ ಶೇಕಡಾ ಒಂದು ಸೇರಿಸಿಕೊಳ್ಳಿ. 67.5ಕ್ಕೆ 0.7 ಸೇರಿಸಿದರೆ 68.2, ಇನ್ನೂ ಹತ್ತಿರ ಬಂತು. ಈ ಬಾಯಿಲೆಕ್ಕವನ್ನು ಪಟ್ಟಿ ತುಂಬಲು ಬಳಸಬೇಡಿ, ಪಟ್ಟಿ ಪರೀಕ್ಷಿಸಲು ಬಳಸಿ. ಕಂಪ್ಯೂಟರ್ ಕೊಟ್ಟ ಉತ್ತರ ನಿಮ್ಮ ಅಂದಾಜಿಗೆ ಹತ್ತಿರ ಇಲ್ಲದಿದ್ದರೆ ಎಲ್ಲೋ ಗುಣಿಸುವ ಕಡೆ ಭಾಗಿಸಿದ್ದೀರಿ ಎಂದು ತಕ್ಷಣ ಗೊತ್ತಾಗುತ್ತದೆ. ದಿಕ್ಕು ತಪ್ಪಿದರೆ ಉತ್ತರ ಸುಮಾರು ಐದು ಪಟ್ಟು ಆಚೀಚೆ ಆಗುತ್ತದೆ, ಕಣ್ಣಿಗೆ ಹೊಡೆಯುತ್ತದೆ.

ಸಂಖ್ಯೆಯ ಮಾತು ಇಷ್ಟು ಸಾಕು. ನನ್ನನ್ನು ಕೇಳಿದರೆ ದೊಡ್ಡ ತಪ್ಪುಗಳು ಹುಟ್ಟುವುದು ಗುಣಾಕಾರದಲ್ಲಿ ಅಲ್ಲ. ಕಾಗದದ ಮೇಲಿನ ಆ ಮಾನ ಯಾವುದು ಎಂದು ಕೇಳದೆ ಲೆಕ್ಕಕ್ಕೆ ಕೂರುವುದರಲ್ಲಿ. ಇದಕ್ಕೆ 1983ರ ಜುಲೈ 23ರಂದು ನಡೆದದ್ದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಒಟ್ಟಾವ ಮೂಲಕ ಎಡ್ಮಂಟನ್‌ಗೆ ಹೋಗಬೇಕಿತ್ತು. ಆ ಕಂಪನಿಯಲ್ಲಿ ಇಂಧನವನ್ನು ಕಿಲೋದಲ್ಲಿ ಲೆಕ್ಕ ಹಾಕುವ ಮೊದಲ ಬಗೆಯ ವಿಮಾನ ಅದು. ಇಂಧನ ತೋರಿಸುವ ಮೀಟರ್ ಕೆಟ್ಟಿತ್ತು. ಹಾಗಾಗಿ ಟ್ಯಾಂಕಿನಲ್ಲಿ ಅಳತೆಯ ಕಡ್ಡಿಯಿಂದ ನೋಡಿದರು. 7,682 ಲೀಟರ್ ಇತ್ತು. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋ.

ಲೀಟರನ್ನು ತೂಕ ಮಾಡಲು ಅವರ ಕೈಗೆ ಸಿಕ್ಕ ಸಂಖ್ಯೆ 1.77. ಇಂಧನ ತುಂಬಿಸುವವರ ಕಾಗದದಲ್ಲಿ ಹಾಗೆಯೇ ಬರೆಯುವ ರೂಢಿ ಇತ್ತು. 7,682 ಅನ್ನು 1.77ರಿಂದ ಗುಣಿಸಿದರು. 13,597 ಬಂತು. ಇಷ್ಟು ಕಿಲೋ ಈಗಲೇ ಇದೆ ಎಂದುಕೊಂಡರು. 22,300ರಲ್ಲಿ ಅದನ್ನು ಕಳೆದರೆ 8,703. ಅದನ್ನು ಮತ್ತೆ 1.77ರಿಂದ ಭಾಗಿಸಿ ಸುಮಾರು 4,900 ಲೀಟರ್ ತುಂಬಿಸಿದರು. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ, ಬೇಕಾದರೆ ನೀವೇ ಮಾಡಿ ನೋಡಿ. ಆದರೆ 1.77 ಅನ್ನುವುದು ಒಂದು ಲೀಟರ್ ಇಂಧನದ ತೂಕ ಪೌಂಡಿನಲ್ಲಿ. ಕಿಲೋದಲ್ಲಿ ಅದು 0.8 ಮಾತ್ರ. ನಿಜವಾಗಿ ತುಂಬಿಸಬೇಕಾಗಿದ್ದದ್ದು ಸುಮಾರು 20,000 ಲೀಟರ್. 22,300 ಕಿಲೋ ಬದಲು 22,300 ಪೌಂಡ್ ಇಂಧನದಲ್ಲಿ ವಿಮಾನ ಹೊರಟಿತು. ಬೇಕಾದದ್ದರಲ್ಲಿ ಅರ್ಧಕ್ಕಿಂತ ಕಡಿಮೆ. ಅರ್ಧ ದಾರಿಯಲ್ಲಿ, 41,000 ಅಡಿ ಎತ್ತರದಲ್ಲಿ, ಇಂಧನ ಮುಗಿಯಿತು. ಎರಡೂ ಎಂಜಿನ್ ನಿಂತವು. ಪೈಲಟ್‌ಗಳಾದ ರಾಬರ್ಟ್ ಪಿಯರ್ಸನ್ ಮತ್ತು ಮಾರಿಸ್ ಕ್ವಿಂಟಾಲ್ ಅಷ್ಟು ದೊಡ್ಡ ವಿಮಾನವನ್ನು ಗ್ಲೈಡರ್ ಥರ ತೇಲಿಸಿಕೊಂಡು ಬಂದು, ಮ್ಯಾನಿಟೋಬಾದ ಗಿಮ್ಲಿಯಲ್ಲಿದ್ದ ಹಳೆಯ ವಾಯುಸೇನೆಯ ರನ್‌ವೇ ಮೇಲೆ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು.

ಆ ಕಾಗದದಲ್ಲಿ 1.77ರ ಪಕ್ಕದಲ್ಲಿ ‘ಲೀಟರಿಗೆ ಪೌಂಡ್’ ಎಂದು ಎರಡು ಮಾತು ಬರೆದಿದ್ದರೆ ಸಾಕಿತ್ತು. ನಾವೆಲ್ಲ ತೂಕದ ಪಕ್ಕದಲ್ಲಿ ಕಿಲೋ, ಪೌಂಡ್ ಎಂದು ಬರೆಯುತ್ತೇವೆ. ಗುಣಿಸುವ ಸಂಖ್ಯೆಯ ಪಕ್ಕದಲ್ಲಿ ಬರೆಯುವುದಿಲ್ಲ. ನಿಮ್ಮ ಎಕ್ಸೆಲ್‌ನಲ್ಲಿ 0.45359237 ಇಟ್ಟ ಮನೆಯ ಪಕ್ಕದಲ್ಲೂ ‘ಪೌಂಡಿಗೆ ಕಿಲೋ’ ಎಂದು ಈಗಲೇ ಬರೆದಿಡಿ. ನಿಮ್ಮ ನಂತರ ಆ ಪಟ್ಟಿ ತೆರೆಯುವವರಿಗೆ ಅದು ಬೇಕಾಗುತ್ತದೆ.

ಔನ್ಸಿನಲ್ಲೂ ಎಲ್ಲವೂ ಒಂದೇ ಅಲ್ಲ. ಚಿನ್ನ, ಬೆಳ್ಳಿ, ಪ್ಲಾಟಿನಂ ತೂಗುವುದು ಟ್ರಾಯ್ ಔನ್ಸಿನಲ್ಲಿ. ಅದು 31.1034768 ಗ್ರಾಂ, ಮಾಮೂಲಿ ಔನ್ಸಿಗಿಂತ ಸುಮಾರು ಹತ್ತನೇ ಒಂದು ಪಾಲು ಜಾಸ್ತಿ. ಗ್ರೇನ್ ಲೆಕ್ಕದಲ್ಲಿ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ: ಟ್ರಾಯ್ ಔನ್ಸಿಗೆ 480 ಗ್ರೇನ್, ಮಾಮೂಲಿ ಔನ್ಸಿಗೆ 437.5. ಆದರೆ ಟ್ರಾಯ್ ಪೌಂಡಿಗೆ 16 ಅಲ್ಲ, 12 ಔನ್ಸ್ ಮಾತ್ರ. ಹಾಗಾಗಿ ಟ್ರಾಯ್ ಔನ್ಸ್ ಭಾರ, ಟ್ರಾಯ್ ಪೌಂಡ್ ಹಗುರ, 373 ಗ್ರಾಂ. ಆ ಪೌಂಡನ್ನು ಈಗ ಯಾರೂ ಬಳಸುವುದಿಲ್ಲ, ಔನ್ಸ್ ಮಾತ್ರ ಉಳಿದಿದೆ.

ಫ್ಲೂಯಿಡ್ ಔನ್ಸ್ ಎಂದು ಇದ್ದರೆ ಅದು ತೂಕವೇ ಅಲ್ಲ, ದ್ರವದ ಅಳತೆ. ಬ್ರಿಟನ್ನಿನದು 28.41 ಮಿಲಿಲೀಟರ್, ಅಮೆರಿಕದ್ದು 29.57. ಅದನ್ನು ಗ್ರಾಂ ಮಾಡಬೇಕಾದರೆ ಆ ದ್ರವದ ಸಾಂದ್ರತೆ ಗೊತ್ತಿರಬೇಕು. ನೀರಿನ ಥರವೇ ಎಂದುಕೊಂಡು ಎಣ್ಣೆಗೋ ಆಮ್ಲಕ್ಕೋ ಹಾಕಿದರೆ ತಪ್ಪಾಗುತ್ತದೆ. ಹಾಗೆಯೇ ಲೇಬಲ್ ಮೇಲೆ ‘ಜಿಆರ್’ ಎಂಬ ಗುರುತು ಕಂಡರೆ ನಿಲ್ಲಿ. ಅದು ಗ್ರೇನ್ ಇರಬಹುದು, ಕೆಲವರು ಗ್ರಾಂಗೂ ಹಾಗೇ ಬರೆಯುತ್ತಾರೆ. ಒಂದು ಗ್ರಾಂ ಅಂದರೆ 15.43 ಗ್ರೇನ್. ಇಲ್ಲಿ ತಪ್ಪಿದರೆ ಹದಿನೈದು ಪಟ್ಟು ತಪ್ಪು. ಗ್ರಾಂಗೆ ಸರಿಯಾದ ಗುರುತು ಬರೀ ‘ಜಿ’. ‘ಎಲ್‌ಬಿ’ ಎಂದರೂ, ಅಮೆರಿಕದವರು ಕೆಲವೊಮ್ಮೆ ಸಂಖ್ಯೆಯ ನಂತರ ಹಾಕುವ # ಗುರುತು ಎಂದರೂ ಪೌಂಡೇ.

ಇನ್ನು ನಿಮ್ಮ ‘3.5 ಟನ್’. ಇಲ್ಲ, ಅದನ್ನು 3,500 ಕಿಲೋ ಎಂದು ಬರೆದುಕೊಳ್ಳಬೇಡಿ. ಲೋಕದಲ್ಲಿ ಮೂರು ಟನ್ ಇವೆ. ಮೆಟ್ರಿಕ್ ಟನ್ 1,000 ಕಿಲೋ. ಅಮೆರಿಕದಲ್ಲಿ ಬರೀ ಟನ್ ಎಂದರೆ ಶಾರ್ಟ್ ಟನ್, 2,000 ಪೌಂಡ್, 907.18 ಕಿಲೋ. ಬ್ರಿಟನ್ನಿನ ಹಳೆಯ ಲಾಂಗ್ ಟನ್ 2,240 ಪೌಂಡ್, 1,016.05 ಕಿಲೋ. ಈ ಕೊನೆಯ ಎರಡರ ಗಲಾಟೆಗೆ ಕಾರಣ ಹಂಡ್ರೆಡ್‌ವೇಟ್ ಎಂಬ ಮಾನ. ಎರಡೂ ಕಡೆ 20 ಹಂಡ್ರೆಡ್‌ವೇಟ್ ಸೇರಿದರೆ ಒಂದು ಟನ್. ಆದರೆ ಬ್ರಿಟನ್ನಿನವರು ಎಂಟು ಸ್ಟೋನಿಗೆ ಒಂದು ಹಂಡ್ರೆಡ್‌ವೇಟ್ ಎಂದು ಲೆಕ್ಕ ಹಾಕಿದರು, ಅದು 112 ಪೌಂಡ್. ಅಮೆರಿಕದಲ್ಲಿ ಸ್ಟೋನ್ ಬಳಕೆಯಲ್ಲಿ ಉಳಿಯಲಿಲ್ಲ, ಅಲ್ಲಿ ಹಂಡ್ರೆಡ್‌ವೇಟ್ ಅಂದರೆ 100 ಪೌಂಡ್. ಕಾಗದದಲ್ಲಿ ಹಂಡ್ರೆಡ್‌ವೇಟ್ ಎಂದಿದ್ದರೂ ಇದೇ ಪ್ರಶ್ನೆ ಕೇಳಬೇಕು: 45.36 ಕಿಲೋದ್ದೋ, 50.80 ಕಿಲೋದ್ದೋ?

ನಿಮ್ಮ 3.5 ಟನ್ ಶಾರ್ಟ್ ಟನ್ ಆಗಿದ್ದರೆ 3,175 ಕಿಲೋ. ಲಾಂಗ್ ಟನ್ ಆಗಿದ್ದರೆ 3,556 ಕಿಲೋ. ನಡುವೆ 381 ಕಿಲೋ ಅಂತರ. ಸಾಗಿಸುವ ಗಾಡಿಗೆ, ಎತ್ತುವ ಕ್ರೇನಿಗೆ ಈ ಅಂತರ ಸಣ್ಣದಲ್ಲ. ಮೊದಲು ಆ ಕಾಗದದಲ್ಲೇ ಹುಡುಕಿ. ಎಲ್ಲೋ ಒಂದು ಮೂಲೆಯಲ್ಲಿ ಪೌಂಡಿನ ಸಂಖ್ಯೆ ಇದ್ದರೆ ಉತ್ತರ ಸಿಕ್ಕಿತು. 7,000 ಪೌಂಡ್ ಎಂದಿದ್ದರೆ ಶಾರ್ಟ್, 7,840 ಎಂದಿದ್ದರೆ ಲಾಂಗ್, 7,716 ಎಂದಿದ್ದರೆ ಮೆಟ್ರಿಕ್. ಟನ್ ಬದಲು ‘ಎಂಟಿ’ ಎಂದೋ, ಬರೀ ಚಿಕ್ಕ ‘ಟಿ’ ಎಂದೋ ಇದ್ದರೆ ಸಾಮಾನ್ಯವಾಗಿ ಮೆಟ್ರಿಕ್. ಪೆಟ್ಟಿಗೆಗಳ ಬಿಡಿ ತೂಕ ಕೊಟ್ಟಿದ್ದರೆ ಕೂಡಿಸಿ ನೋಡಿ, ಮೂರರಲ್ಲಿ ಯಾವುದಕ್ಕೆ ಹತ್ತಿರ ಬರುತ್ತದೆ ಎಂದು ತಿಳಿಯುತ್ತದೆ. ಇದು ಯಾವುದೂ ಇಲ್ಲದಿದ್ದರೆ ಸರಕು ಬಂದ ದೇಶ ನೋಡಿ ಊಹೆ ಮಾಡಬೇಡಿ. ಒಂದೇ ದೇಶದಲ್ಲಿ ಒಂದು ಉದ್ಯಮ ಒಂದು ಟನ್, ಇನ್ನೊಂದು ಉದ್ಯಮ ಇನ್ನೊಂದು ಟನ್ ಬಳಸುವುದು ಇದೆ. ಕಳಿಸಿದವರಿಗೆ ಒಂದು ಸಾಲು ಬರೆಯಿರಿ, ‘ಈ 3.5 ಟನ್ ಎಷ್ಟು ಪೌಂಡ್ ಅಥವಾ ಎಷ್ಟು ಕಿಲೋ?’ ಎಂದು. ‘ಯಾವ ಟನ್?’ ಎಂದು ಕೇಳಬೇಡಿ. ‘ಮಾಮೂಲಿ ಟನ್’ ಎಂದು ಉತ್ತರ ಬರುವುದೇ ಜಾಸ್ತಿ. ಉತ್ತರ ಬರುವವರೆಗೆ ನಿಮ್ಮ ಪಟ್ಟಿಯ ಕಿಲೋ ಕಾಲಂನಲ್ಲಿ ಆ ಮನೆ ಖಾಲಿ ಇರಲಿ. ಮೂಲ ತೂಕದ ಕಾಲಂನಲ್ಲಿ ಮಾತ್ರ ಕಾಗದದಲ್ಲಿ ಇದ್ದ ಹಾಗೇ ‘3.5 ಟನ್’ ಎಂದು ಬರೆದಿಡಿ.